ತಮ್ಮನ ಮೊಣಕೈ ಒಳಬದಿ ನೋವು, ಬೇಸ್‌ಬಾಲ್ ಪಿಚಿಂಗ್ ಮುಂದುವರಿಸಬಹುದಾ?

ತೀರ್ಥಹಳ್ಳಿ ಅಕ್ಕ

ನಮಸ್ಕಾರ. ಇಲ್ಲಿ ಕ್ರಿಕೆಟ್ ಬಗ್ಗೆ ಬರೆಯುವವರೇ ಜಾಸ್ತಿ, ಬೇಸ್‌ಬಾಲ್ ಅಂದರೆ ಎಷ್ಟು ಜನ ಓದುತ್ತೀರೋ ಗೊತ್ತಿಲ್ಲ. ಬೇರೆ ಎಲ್ಲಿ ಕೇಳುವುದು ಅಂತ ತೋಚದೆ ಇಲ್ಲಿ ಹಾಕುತ್ತಿದ್ದೇನೆ.

ನನ್ನ ತಮ್ಮನಿಗೆ 17 ವರ್ಷ. ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯು ಓದುತ್ತಿದ್ದಾನೆ. ಬಲಗೈ ಫಾಸ್ಟ್ ಬೌಲರ್, ನಮ್ಮ ಕಡೆ ಗದ್ದೆ ಕೊಯ್ಲಾದ ಮೇಲೆ ನಡೆಯುವ ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ ಸ್ವಲ್ಪ ಹೆಸರಿದೆ. ಹೋದ ವರ್ಷ ಕಾಲೇಜಿನ ಪಿಟಿ ಸರ್ ಅವನು ಬೌಂಡರಿಯಿಂದ ಸೀದಾ ಕೀಪರ್ ಕೈಗೆ ಚೆಂಡು ಎಸೆದಿದ್ದನ್ನು ನೋಡಿ ಬೇಸ್‌ಬಾಲ್ ಟೀಮಿಗೆ ಎಳೆದುಕೊಂಡರು. ಈಗ ಅವನೇ ಮುಖ್ಯ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಮುಖ್ಯ ಏನು ಬಂತು, ಇರುವವನೇ ಅವನೊಬ್ಬ. ಇನ್ನೊಬ್ಬ ಹುಡುಗ ಇದ್ದಾನೆ, ಅವನು ಎಸೆದ ಚೆಂಡು ಕ್ಯಾಚರ್ (ನಮ್ಮ ಕೀಪರ್ ಇದ್ದ ಹಾಗೆ) ತಲೆ ಮೇಲೆ ಹೋಗುತ್ತದೆ.

ಮೂರು ವಾರದ ಹಿಂದೆ ಊರಿಗೆ ಬಂದಿದ್ದ. ಬಾವಿಕಟ್ಟೆಯಿಂದ ಕೊಡಪಾನ ಎತ್ತಿಕೊಂಡು ಹೊರಟವನು ನಾಲ್ಕು ಹೆಜ್ಜೆಗೆ ಕೆಳಗಿಟ್ಟು ಎಡಗೈಗೆ ಬದಲಾಯಿಸಿದ. ಏನಾಯ್ತೋ ಅಂದೆ, ಏನಿಲ್ಲ ಅಂದ. ಕೈ ಹಿಡಿದು ನೋಡಿದೆ. ಮೊಣಕೈ ಒಳಬದಿಯಲ್ಲಿ ಉಬ್ಬಿದ ಮೂಳೆ ಇದೆಯಲ್ಲ, ಅದರ ಒಂದು ಬೆರಳು ಕೆಳಗೆ ಒತ್ತಿದರೆ ಮುಖ ಕಿವುಚುತ್ತಾನೆ. ಸುಮ್ನೆ ಇದ್ದಾಗ ನೋವಿಲ್ಲವಂತೆ, ಜೋರಾಗಿ ಎಸೆಯುವಾಗ ಮಾತ್ರ ಅಂತೆ, ಅದೂ ಕೈ ಹಿಂದಕ್ಕೆ ಹೋಗಿ ಮುಂದೆ ಬರಲು ಶುರುವಾಗುವ ಆ ಕ್ಷಣದಲ್ಲಿ.

ಇಪ್ಪತ್ತು ದಿನದಲ್ಲಿ ಬೇಸ್‌ಬಾಲ್ ತಂಡದ ಆಯ್ಕೆ ಇದೆ. ಎಸೆಯುವವರಿಗೆಲ್ಲ ಕೈ ನೋಯುತ್ತದೆ, ಎಸೆದೆಸೆದೇ ಗಟ್ಟಿಯಾಗಬೇಕು ಅಂತ ಪಿಟಿ ಸರ್ ಹೇಳುತ್ತಾರಂತೆ. ಅಪ್ಪಯ್ಯ ಚೆಂಡೂ ಬೇಡ ಗಿಂಡೂ ಬೇಡ, ಪರೀಕ್ಷೆಗೆ ಓದಲಿ ಅನ್ನುತ್ತಾರೆ. ನನಗೆ ಇಬ್ಬರ ಮಾತೂ ಪೂರ್ತಿ ಸರಿ ಅನ್ನಿಸುತ್ತಿಲ್ಲ. ಅವನು ಎಸೆಯುವ ರೀತಿಯಲ್ಲೇ ಏನಾದರೂ ತಪ್ಪಿದೆಯಾ, ಅದನ್ನು ನಾವೇ ನೋಡಿ ಕಂಡುಹಿಡಿಯಬಹುದಾ? ನನ್ನ ಫೋನಿನಲ್ಲಿ ಸ್ಲೋ ಮೋಷನ್ ಇದೆ.

ಮಲ್ನಾಡ್ ಎಕ್ಸ್‌ಪ್ರೆಸ್

ಅಕ್ಕ, ಹೆದರಬೇಡಿ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ರಾತ್ರಿ ಚೆನ್ನಾಗಿ ತಿಕ್ಕಿ, ಎರಡು ದಿನ ರೆಸ್ಟ್ ಕೊಡಿ, ಮೂರನೇ ದಿನ ಹುಡುಗ ರೆಡಿ. ಹೆಚ್ಚು ಕಡಿಮೆ ಆದರೆ ಅಮೆರಿಕದಲ್ಲಿ ಅದೇನೋ ಟಾಮಿ ಜಾನ್ ಆಪರೇಷನ್ ಅಂತ ಇದೆಯಲ್ಲ, ಅದು ಮಾಡಿಸಿಕೊಂಡವರು ಮೊದಲಿಗಿಂತ ಫಾಸ್ಟ್ ಎಸೆಯುತ್ತಾರಂತೆ!

ಭದ್ರಾವತಿ ಹಳೇ ಪಿಚರ್

ಅಕ್ಕ, ಮೊದಲು ಅವನ ಕೈಯಿಂದ ಚೆಂಡು ಕೆಳಗಿಡಿಸಿ. ಆಮೇಲೆ ಇದನ್ನು ಓದಿ.

ಡಿಗ್ರಿ ಓದುವಾಗ ಎರಡು ವರ್ಷ ನಾನು ಪಿಚಿಂಗ್ ಮಾಡಿದವನು. ನಿಮ್ಮ ತಮ್ಮನ ಹಾಗೆಯೇ, ಟೀಮಿಗೆ ನಾನೊಬ್ಬನೇ. ಒಂದು ಟೂರ್ನಮೆಂಟ್‌ನಲ್ಲಿ ಬೆಳಿಗ್ಗೆ ಒಂದು ಮ್ಯಾಚ್, ಮಧ್ಯಾಹ್ನ ಇನ್ನೊಂದು, ಮಾರನೇ ದಿನ ಮತ್ತೆ. ಎಷ್ಟು ಎಸೆದೆ ಅಂತ ಯಾರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ, ಎಣಿಸಬೇಕು ಅನ್ನುವುದೇ ಗೊತ್ತಿರಲಿಲ್ಲ. ಮೊದಲನೇ ದಿನ ಸಂಜೆಗೇ ಕೈ ಸೋತಿತ್ತು. ನೋವಿರಲಿಲ್ಲ, ಅದನ್ನು ಗಮನಿಸಿ. ಚೆಂಡು ಬಿಡುವಾಗ ಬೆರಳಿಗೆ ಹಿಡಿತ ಸಿಗುತ್ತಿರಲಿಲ್ಲ, ಎಲ್ಲಾ ಎಸೆತ ಮೇಲೆ ಹೋಗುತ್ತಿತ್ತು. ಎರಡನೇ ದಿನ ಮೊಣಕೈ ಒಳಗೆ ಹಸಿ ಬಾಳೆನಾರು ಸೀಳಿದ ಹಾಗೆ ಆಯಿತು. ನೋವಿನ ಸ್ಪ್ರೇ ಹೊಡೆದು ಇನ್ನೊಂದು ಇನ್ನಿಂಗ್ಸ್ ಹಾಕಿಸಿದರು. ಗೆದ್ದೆವು. ಆ ಕಪ್ ಎಲ್ಲಿದೆಯೋ ಈಗ, ಧೂಳು ಹಿಡಿಯುತ್ತಿರಬೇಕು. ನನ್ನ ಮೊಣಕೈ ಮಾತ್ರ ಇವತ್ತಿಗೂ ಪೂರ್ತಿ ನೀಟವಾಗುವುದಿಲ್ಲ.

ಎಣ್ಣೆಯ ಸರ್ ಅವರೇ, ಬೇಜಾರಾಗಬೇಡಿ, ಆ ಆಪರೇಷನ್ ವಿಷಯ ಸ್ವಲ್ಪ ಹೇಳುತ್ತೇನೆ. ಟಾಮಿ ಜಾನ್ ಅನ್ನುವುದು ಎಡಗೈ ಪಿಚರ್ ಒಬ್ಬರ ಹೆಸರು. 1974ರಲ್ಲಿ ಅವರ ಮೊಣಕೈ ಒಳಗಿನ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ನಾರು) ಹರಿದಾಗ ಡಾಕ್ಟರ್ ಫ್ರಾಂಕ್ ಜೋಬ್, ಟಾಮಿ ಜಾನ್ ಅವರದೇ ಬಲಗೈಯ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಟ್ಟಿದರು. 1975 ಪೂರ್ತಿ ಆಡಲಿಲ್ಲ, 1976ರಲ್ಲಿ ವಾಪಸ್ ಬಂದು 1989ರವರೆಗೆ ಆಡಿದರು. ಒಟ್ಟು 288 ಗೆಲುವಿನಲ್ಲಿ 164 ಆಪರೇಷನ್ ಆದ ಮೇಲಿನವು. ಇದನ್ನು ಕೇಳಿಯೇ ಜನ ಆಪರೇಷನ್ ಆದರೆ ಕೈ ಇನ್ನೂ ಜೋರಾಗುತ್ತದೆ ಅಂದುಕೊಂಡಿದ್ದಾರೆ. ಹೊಸ ಲಿಗಮೆಂಟ್ ವೇಗ ಕೊಡುವುದಿಲ್ಲ ಮಾರಾಯ್ರೆ. ವಾಪಸ್ ಮೌಂಡ್ (ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬ) ಮೇಲೆ ನಿಲ್ಲಲು ಒಂದು ವರ್ಷದ ಮೇಲೇ ಬೇಕು, ಆ ವರ್ಷವಿಡೀ ಕಾಲು, ಸೊಂಟ, ಬೆನ್ನಿಗೆ ಕಸರತ್ತು ಮಾಡುತ್ತಾರಲ್ಲ, ವೇಗ ಬಂದರೆ ಅದರಿಂದ. ಎಲ್ಲರೂ ವಾಪಸ್ ಬರುವುದೂ ಇಲ್ಲ. ಅದೇ ಕಸರತ್ತನ್ನು ಕೈ ನೆಟ್ಟಗಿರುವಾಗಲೇ ಮಾಡಿದರೆ ಯಾರಾದರೂ ಬೇಡ ಅಂದರಾ?

ಈಗ ಎಣಿಕೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಅಂತ ಲೆಕ್ಕ ಮಾಡಿಕೊಟ್ಟಿವೆ. 17-18 ವಯಸ್ಸಿನವರಿಗೆ ಒಂದು ದಿನಕ್ಕೆ 105 ಎಸೆತ ಮಿತಿ. ಆದರೆ ನಿಜವಾದ ವಿಷಯ ಇರುವುದು ವಿಶ್ರಾಂತಿಯಲ್ಲಿ. 30ರ ಒಳಗಿದ್ದರೆ ಮಾರನೇ ದಿನವೂ ಎಸೆಯಬಹುದು. 31ರಿಂದ 45 ಆದರೆ ಒಂದು ದಿನ ಬಿಡಬೇಕು, 60ರವರೆಗೆ ಎರಡು ದಿನ, 80ರವರೆಗೆ ಮೂರು ದಿನ, 80 ದಾಟಿದರೆ ನಾಲ್ಕು ದಿನ. ಪಿಚಿಂಗ್ ಮಾಡಿದ ಮ್ಯಾಚ್‌ನಲ್ಲೇ ಕ್ಯಾಚರ್ ಆಗಿ ನಿಲ್ಲಿಸಬಾರದು, ಯಾಕೆಂದರೆ ಕ್ಯಾಚರ್ ಕೂಡ ಪ್ರತಿ ಸಲ ಚೆಂಡು ವಾಪಸ್ ಎಸೆಯುತ್ತಾನೆ. ನಿಮ್ಮ ತಮ್ಮ ವಾರಕ್ಕೆ ಎಷ್ಟು ಎಸೆಯುತ್ತಾನೆ? ಮ್ಯಾಚ್‌ನದ್ದು ಮಾತ್ರ ಅಲ್ಲ, ಪ್ರಾಕ್ಟೀಸ್, ಭಾನುವಾರದ ಟೆನಿಸ್ ಬಾಲ್, ಎಲ್ಲಾ ಸೇರಿಸಿ ಕೇಳಿ. ಅವನು ಹೇಳಿದ ಸಂಖ್ಯೆಯನ್ನು ನಂಬಬೇಡಿ, ನಾನೂ ಅಮ್ಮನಿಗೆ ಸುಳ್ಳೇ ಹೇಳುತ್ತಿದ್ದೆ.

ಸಾಗರದ ಫಿಸಿಯೋ

ಮೇಡಂ, ಹಳೇ ಪಿಚರ್ ಹೇಳಿದ್ದು ಸರಿ, ಎಸೆತ ನಿಲ್ಲಿಸಿ. ಒಳಬದಿ ನೋವು, ಅದೂ ಕೈ ಹಿಂದೆ ಬಾಗಿದ ಕ್ಷಣದಲ್ಲಿ ಬರುವುದು ಅಂದರೆ ಮೂಳೆ ಡಾಕ್ಟರಿಗೆ ತೋರಿಸಲೇಬೇಕು. ಫೋನಿನಲ್ಲಿ ನಾನು ಇದು ಇಂಥದೇ ಅಂತ ಹೇಳುವುದಿಲ್ಲ. ಉಂಗುರ ಬೆರಳು, ಕಿರುಬೆರಳು ಜುಮ್ಮೆನ್ನುತ್ತಿದ್ದರೆ, ಮೊಣಕೈ ಪೂರ್ತಿ ನೀಟವಾಗದಿದ್ದರೆ, ಎಸೆಯುವಾಗ ಟಪ್ ಅಂತ ಶಬ್ದ ಬಂದಿದ್ದರೆ ನಾಳೆಯೇ ಹೋಗಿ. ದಯವಿಟ್ಟು ಯಾರ ಹತ್ತಿರವೂ ಎಳೆಸಿ ತಿರುವಿಸಬೇಡಿ. ನೋವಿನ ಮಾತ್ರೆ ನುಂಗಿ ಎಸೆಯುವುದಂತೂ ಬೇಡವೇ ಬೇಡ. ಇದ್ದದ್ದು ನೋವೊಂದೇ ಅವನನ್ನು ತಡೆಯುತ್ತಿರುವುದು, ಅದನ್ನೂ ಮುಚ್ಚಿಬಿಟ್ಟರೆ ಹೇಗೆ?

ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಹಸಿ ಕೊಂಬೆಯೊಂದನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ಉಬ್ಬಿದ ಕಡೆ ಸಿಪ್ಪೆ ಹಿಗ್ಗಿ ಸೀಳುತ್ತದೆ, ತಗ್ಗಿದ ಕಡೆ ನೆರಿಗೆಯಾಗುತ್ತದೆ. ಪಿಚರ್‌ನ ಮೊಣಕೈ ಪ್ರತಿ ಎಸೆತದಲ್ಲೂ ಹೀಗೆ ಪಕ್ಕಕ್ಕೆ ಬಗ್ಗಲು ನೋಡುತ್ತದೆ. ಎದೆ, ಭುಜ ಮುಂದೆ ಹೊರಟಿರುತ್ತವೆ, ಮುಂಗೈ ಮತ್ತು ಚೆಂಡು ಇನ್ನೂ ಹಿಂದೆಯೇ ಮಲಗಿರುತ್ತವೆ, ನಡುವೆ ಸಿಕ್ಕಿಕೊಂಡ ಮೊಣಕೈನ ಒಳಬದಿ ಹಿಗ್ಗುತ್ತದೆ, ಹೊರಬದಿ ಒತ್ತಿಕೊಳ್ಳುತ್ತದೆ. ಅಮೆರಿಕದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧಕ ಗ್ಲೆನ್ ಫ್ಲೈಸಿಗ್ ಮತ್ತು ಜೊತೆಯವರು ಕ್ಯಾಮೆರಾ ಇಟ್ಟು ಅಳೆದಾಗ ದೊಡ್ಡವರ ಮೊಣಕೈ ಮೇಲೆ ಬಿದ್ದ ತಿರುಚು ಬಲ ಸುಮಾರು 64 ನ್ಯೂಟನ್ ಮೀಟರ್. ಮೊಣಕೈಯಿಂದ ಒಂದು ಅಡಿ ದೂರಕ್ಕೆ 20 ಕೆಜಿ ಮೂಟೆ ನೇತುಹಾಕಿದಷ್ಟು ಅಂದುಕೊಳ್ಳಿ. ಒಳಗಿನ ಲಿಗಮೆಂಟ್ ಒಂದನ್ನೇ ಬಿಡಿಸಿ ಲ್ಯಾಬಿನಲ್ಲಿ ಎಳೆದು ನೋಡಿದಾಗ ಅದು ಹರಿದದ್ದು ಸುಮಾರು 32ಕ್ಕೆ. ಹಾಗಾದರೆ ಮೊದಲ ಎಸೆತಕ್ಕೇ ಯಾಕೆ ಹರಿಯುವುದಿಲ್ಲ? ಮುಂಗೈನ ಮಾಂಸಖಂಡಗಳು ಹೊರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುತ್ತವೆ. ಆ ಮಾಂಸಖಂಡ ಸೋತಿತು ಅಂದರೆ ಅದರ ಪಾಲು ಲಿಗಮೆಂಟ್ ತಲೆಗೆ.

ಅದಕ್ಕೇ ಹಳೇ ಪಿಚರ್ ಬರೆದ ‘ಕೈ ಸೋತಿತ್ತು, ನೋವಿರಲಿಲ್ಲ’ ಅನ್ನುವ ಸಾಲು ನನಗೆ ಮುಖ್ಯ. ಅದೇ ಬರ್ಮಿಂಗ್‌ಹ್ಯಾಮ್‌ನವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈ ಸೋತ ಮೇಲೂ ಪದೇ ಪದೇ ಪಿಚಿಂಗ್ ಮಾಡಿದ ಹದಿಹರೆಯದ ಹುಡುಗರಿಗೆ ಆಪರೇಷನ್ ಬೇಕಾಗುವ ಸಂಭವ 36 ಪಟ್ಟು ಜಾಸ್ತಿ ಕಂಡಿತು. ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಪಿಚಿಂಗ್ ಮಾಡಿದವರಿಗೆ 5 ಪಟ್ಟು. ಪಟ್ಟಿಯಲ್ಲಿ ಉಳಿದದ್ದೆಲ್ಲ ಇದರ ಮುಂದೆ ಚಿಕ್ಕದು.

ಇನ್ನು ವಿಡಿಯೋ. ಈಗ ಎಸೆಯಿಸಿ ತೆಗೆಯಬೇಡಿ, ಹಳೆಯದಿದ್ದರೆ ನೋಡಿ. ಬಲಗೈ ಆಟಗಾರನಾದ್ದರಿಂದ ಅವನ ಎದೆ ಕಾಣುವ ಬದಿಯಿಂದ ಒಂದು, ಕ್ಯಾಚರ್ ಹಿಂದಿನಿಂದ ಒಂದು ಇದ್ದರೆ ಸಾಕು. ಮುಂದಿನ ಕಾಲು ನೆಲ ಮುಟ್ಟಿದ ಕ್ಷಣಕ್ಕೆ ನಿಲ್ಲಿಸಿ. ಆ ಒಂದು ಫ್ರೇಮಿನಲ್ಲಿ ಅರ್ಧ ಕಥೆ ಸಿಗುತ್ತದೆ. ಆಗ ಚೆಂಡಿರುವ ಕೈ ಆಗಲೇ ಮೇಲೆ ಬಂದಿರಬೇಕು, ಮೊಣಕೈ ಹೆಚ್ಚು ಕಡಿಮೆ ಭುಜದ ಮಟ್ಟದಲ್ಲಿರಬೇಕು. ಇನ್ನೂ ತೊಡೆ ಹತ್ತಿರವೇ ಇದ್ದರೆ ಕೈ ತಡವಾಗಿದೆ ಅಂತ ಅರ್ಥ, ಮೈ ತಿರುಗುವಾಗ ಅದು ಹಿಂದಿನಿಂದ ಓಡಿ ಬರಬೇಕಾಗುತ್ತದೆ. ಎದೆ ಆ ಕ್ಷಣಕ್ಕೆ ಇನ್ನೂ ಪಕ್ಕಕ್ಕೇ ಇರಬೇಕು, ಸೊಂಟ ಮಾತ್ರ ಮುಂದೆ ತಿರುಗಲು ಶುರು ಮಾಡಿರಬೇಕು. ಕಾಲು ಊರುವ ಮೊದಲೇ ಎದೆ ತೆರೆದುಕೊಂಡಿದ್ದರೆ ಸೊಂಟದ ಕೆಲಸವನ್ನೂ ಮೊಣಕೈ ಮಾಡುತ್ತಿದೆ ಅಂತ. ಮುಂಗಾಲಿನ ಬೆರಳು ಕ್ಯಾಚರ್ ಕಡೆ ಇದೆಯಾ, ಎಡಕ್ಕೆ ತೆರೆದಿದೆಯಾ ನೋಡಿ. ಆಮೇಲೆ ಚೆಂಡು ಬಿಡುವ ಫ್ರೇಮ್, ತಲೆ ಎಡಕ್ಕೆ ಎಷ್ಟು ವಾಲಿದೆ? ಕ್ರಿಕೆಟ್ ಬೌಲರ್‌ಗಳಲ್ಲಿ ಇದನ್ನು ತುಂಬಾ ನೋಡುತ್ತೇನೆ. ಬೌಲಿಂಗ್‌ನಲ್ಲಿ ಕೈಯನ್ನು ಕಿವಿ ಹತ್ತಿರದಿಂದ ತರಲು ಮೈ ಎಡಕ್ಕೆ ಬೀಳಿಸುವ ಅಭ್ಯಾಸ ಇರುತ್ತದೆ, ಅದನ್ನೇ ಪಿಚಿಂಗ್‌ಗೂ ತರುತ್ತಾರೆ. ಹಾಗೆ ವಾಲಿದರೆ ವೇಗ ಒಂಚೂರು ಸಿಗುತ್ತದೆ, ಮೊಣಕೈ ಮೇಲಿನ ಹೊರೆಯೂ ಏರುತ್ತದೆ.

ಚೆಂಡು ಬಿಟ್ಟ ಮೇಲೂ ನೋಡಿ. ಬೆನ್ನು ಮುಂಗಾಲಿನ ಮೇಲೆ ಬಾಗಿ, ಕೈ ಎಡ ಮೊಣಕಾಲಿನ ಆಚೆಗೆ ಹೋಗಿ ನಿಲ್ಲಬೇಕು. ಅರ್ಧಕ್ಕೇ ನಿಂತರೆ ಬ್ರೇಕ್ ಹಾಕುವ ಕೆಲಸ ಭುಜದ ಹಿಂಭಾಗದ ಚಿಕ್ಕ ಮಾಂಸಖಂಡಗಳಿಗೆ ಬೀಳುತ್ತದೆ. ನಮ್ಮ ಜಾವಗಲ್ ಶ್ರೀನಾಥ್ 1997ರಲ್ಲಿ ಆಪರೇಷನ್ ಮಾಡಿಸಿಕೊಂಡದ್ದು ರೋಟೇಟರ್ ಕಫ್ ಅನ್ನುವ ಭುಜದ ಆ ಮಾಂಸಖಂಡಗಳಿಗೆ.

ತೀರ್ಥಹಳ್ಳಿ ಅಕ್ಕ

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಿನ್ನೆ ಅವನನ್ನು ಕೂರಿಸಿಕೊಂಡು ಎರಡು ತಿಂಗಳ ಹಿಂದಿನ ವಿಡಿಯೋ ನೋಡಿದೆವು. ಬೆರಳಲ್ಲಿ ಹಿಂದೆ ಮುಂದೆ ಎಳೆದು ಎಳೆದು ಆ ಒಂದು ಫ್ರೇಮ್ ಹಿಡಿದೆವು. ಎಡಗಾಲು ನೆಲ ಮುಟ್ಟಿದೆ, ಚೆಂಡಿರುವ ಕೈ ಸೊಂಟದ ಹತ್ತಿರ, ಇನ್ನೂ ಕೆಳಗೇ ಇದೆ! ಎದೆ ಮೇಲಿನ ಕಾಲೇಜಿನ ಹೆಸರು ಪೂರ್ತಿ ಓದಬಹುದು, ಅಂದರೆ ಬದಿಗಿಂತ ಮುಂದಕ್ಕೇ ತಿರುಗಿಬಿಟ್ಟಿದ್ದಾನೆ ಅಲ್ವಾ? ಅವನೇ ನೋಡಿ, ಅಯ್ಯೋ ಅಕ್ಕ ಇದು ನಾನೇನಾ ಅಂದ.

ಇನ್ನೊಂದು ಕಂಡಿತು. ಅಲ್ಲಿ ಸರಿಯಾದ ಮೌಂಡ್ ಇಲ್ಲ, ಮೈದಾನದ ಮೂಲೆಯಲ್ಲಿ ಕೆಮ್ಮಣ್ಣು ಗುಡ್ಡೆ ಮಾಡಿದ್ದಾರೆ. ಮಳೆಗೆ ಅದು ಕುಸಿದು, ಮುಂಗಾಲು ಬೀಳುವ ಜಾಗದಲ್ಲಿ ತಪ್ಪಲೆ ಇಟ್ಟರೆ ಕೂರುವಷ್ಟು ಗುಂಡಿ ಬಿದ್ದಿದೆ. ಇವನು ಗುಂಡಿ ತಪ್ಪಿಸಲು ಕಾಲನ್ನು ಎಡಕ್ಕೆ ಹಾಕುತ್ತಿದ್ದಾನೆ.

ಲೆಕ್ಕ ಕೇಳಿದೆ. ಮೊದಲು ವಾರಕ್ಕೆ ನೂರು ಅಂದ. ಹಳೇ ಪಿಚರ್ ಅವರ ಮಾತು ನೆನಪಾಗಿ ದಿನದಿನದ್ದು ಕೇಳಿದೆ. ಮಂಗಳವಾರ, ಗುರುವಾರ ಪ್ರಾಕ್ಟೀಸ್, ಶನಿವಾರ ಮ್ಯಾಚ್, ಭಾನುವಾರ ಊರಲ್ಲಿ ಟೆನಿಸ್ ಬಾಲ್. ಕೂಡಿಸಿದರೆ 300 ದಾಟಿತು. ಮಳೆಗಾಲದಲ್ಲಾದರೂ ಬಿಟ್ಟಿದ್ದನಾ ಅಂದರೆ ಅದೂ ಇಲ್ಲ, ರಜೆಗೆ ಬಂದಾಗಲೆಲ್ಲ ನಮ್ಮ ಅಡಿಕೆ ಶೆಡ್ಡಿನ ಗೋಡೆಗೆ ಎಸೆಯುತ್ತಿದ್ದ. ಆ ಶಬ್ದ ನಾವೆಲ್ಲ ಕೇಳಿದ್ದೇವೆ, ಸುಣ್ಣ ಉದುರುತ್ತದೆ ಅಂತ ಬೈದಿದ್ದೂ ಇದೆ.

ಇನ್ನೊಂದು ವಿಷಯ ಹೇಳಲು ನನಗೇ ನಾಚಿಕೆ. ಈಗ ಅಡಿಕೆ ಕೊನೆ (ಗೊಂಚಲು) ಕೊಯ್ಲು ನಡೆಯುತ್ತಿದೆ. ಆಳು ಸಿಗುತ್ತಿಲ್ಲ ಅಂತ ಅಪ್ಪಯ್ಯ ಫೈಬರ್ ದೋಟಿ (ಕೆಳಗೆ ನಿಂತೇ ಕೊನೆ ಕೊಯ್ಯುವ ಉದ್ದ ಕೋಲು) ತಂದಿದ್ದಾರೆ. ಮೂರು ಭಾನುವಾರ ಬೆಳಿಗ್ಗೆ ದೋಟಿ ಹಿಡಿದು ಕೊನೆ ಇಳಿಸಿದ್ದು ಇವನೇ, ಮಧ್ಯಾಹ್ನ ಮ್ಯಾಚ್‌ಗೆ ಹೋಗಿ ಬೌಲಿಂಗ್ ಮಾಡಿದ್ದೂ ಇವನೇ.

ಹಿನ್ನೀರಿನ ಹುಡುಗ

ನನಗೆ ಬೇಸ್‌ಬಾಲ್ ಗಂಧಗಾಳಿ ಇಲ್ಲ, ಆದರೆ ಫಿಸಿಯೋ ಅವರು ಸೊಂಟ ಮೊದಲು ಎದೆ ಆಮೇಲೆ ಅಂದರಲ್ಲ, ಅದು ಓದಿ ನಮ್ಮ ಚಿಕ್ಕಪ್ಪ ನೆನಪಾದರು. ಹೊಸನಗರದ ಕಡೆ ಶರಾವತಿ ಹಿನ್ನೀರಿನಲ್ಲಿ ಬೀಸುಬಲೆ ಹಾಕುತ್ತಾರೆ. ಒದ್ದೆ ಬಲೆ ಅಂದರೆ ಅಂಚಿಗೆಲ್ಲ ಸೀಸದ ಗುಂಡು, ಒಳ್ಳೆ ಭಾರ. ನಾನು ಕಲಿಯಲು ಹೋದಾಗ ಹತ್ತು ಸಲ ಬೀಸುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು, ಬಲೆಯೂ ಅರಳಲಿಲ್ಲ, ಮುದ್ದೆಯಾಗಿ ಬಿತ್ತು. ಚಿಕ್ಕಪ್ಪ ಅರವತ್ತು ದಾಟಿದವರು, ಬೆಳಗಿನಿಂದ ಬೀಸುತ್ತಾರೆ.

ಅವರು ಹೇಳಿದ್ದು ಇಷ್ಟೇ: ‘ನೀನು ಕೈಯಲ್ಲಿ ಎಸೀತಿದೀಯ. ಕಾಲು ಊರು, ಸೊಂಟ ತಿರುಗಿಸು, ಬಲೆ ತಾನೇ ಹೋಗ್ತದೆ.’ ಗಮನಿಸಿ ನೋಡಿದರೆ ನಿಜ. ಮುಂಗಾಲು ಕೆಸರಿನಲ್ಲಿ ಗಟ್ಟಿಯಾಗಿ ಊರುವವರೆಗೆ ಬಲೆ ಹಿಂದೆಯೇ ಇರುತ್ತದೆ. ಸೊಂಟ ತಿರುಗುತ್ತದೆ, ಭುಜ ಅರೆಗಳಿಗೆ ತಡವಾಗಿ ಬರುತ್ತದೆ, ಕೈ ಕೊನೆಗೆ ಬರೀ ಬಿಡುತ್ತದೆ. ಕಾಲು ಜಾರಿದ ದಿನ ಮಾತ್ರ ಅವರಿಗೂ ಭುಜ ನೋಯುತ್ತದೆ. ಅಕ್ಕ, ಮೊದಲು ಆ ಗುಂಡಿ ಮುಚ್ಚಿಸಿ.

ಗದ್ದೆ ಬೌಲರ್

ಇಷ್ಟೆಲ್ಲಾ ತಲೆನೋವು ಯಾಕೆ? ಬೇಸ್‌ಬಾಲ್ ಬಿಟ್ಟು ಕ್ರಿಕೆಟ್‌ಗೆ ವಾಪಸ್ ಬರಲಿ. ಬೌಲಿಂಗ್‌ನಲ್ಲಿ ಮೊಣಕೈಗೆ ಏನೂ ಆಗುವುದಿಲ್ಲ. ಬೇಸ್‌ಬಾಲ್ ಆಡಿ ಈ ಕಡೆ ಯಾರು ಉದ್ಧಾರ ಆಗಿದ್ದಾರೆ?

ಸಾಗರದ ಫಿಸಿಯೋ

ಗದ್ದೆ ಬೌಲರ್ ಅವರೇ, 2008ರಲ್ಲಿ ಟಿವಿ ಸ್ಪರ್ಧೆಯೊಂದರಿಂದ ಹೋಗಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಉತ್ತರ ಪ್ರದೇಶದ ಹಳ್ಳಿ ಕಡೆಯವರು, ಜಾವೆಲಿನ್ ಎಸೆಯುತ್ತಿದ್ದವರು. ಉದ್ಧಾರದ ಮಾತು ಬಿಡಿ, ಹುಡುಗನಿಗೆ ಇಷ್ಟ ಇದೆ, ಅಷ್ಟು ಸಾಕಲ್ವಾ.

ಮೊಣಕೈ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಬೌಲಿಂಗ್‌ನಲ್ಲಿ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೀಟವಾಗುವಂತಿಲ್ಲ, ಆದ್ದರಿಂದ ಆ ಹೊರೆ ಅಲ್ಲಿಗೆ ಅಷ್ಟಾಗಿ ಬೀಳುವುದಿಲ್ಲ. ಬೀಳುವುದು ಸೊಂಟದ ಮೇಲಿನ ಬೆನ್ನುಮೂಳೆಗೆ. ಹುಡುಗ ಫಾಸ್ಟ್ ಬೌಲರ್‌ಗಳಿಗೆ ಬರುವ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಹೊರೆ ಬಿದ್ದು ಮೂಳೆಯಲ್ಲಿ ಬರುವ ಬಿರುಕು) ನಾನು ಬೇಕಾದಷ್ಟು ನೋಡಿದ್ದೇನೆ. ಎರಡೂ ಆಡಿದರೆ ವಿಶ್ರಾಂತಿ ಅಂತ ಅಂದುಕೊಂಡ ದಿನವೂ ಭುಜಕ್ಕೆ ಕೆಲಸವೇ. ಟೆನಿಸ್ ಬಾಲ್ ಹಗುರ, ಏನಾಗುತ್ತದೆ ಅನ್ನುತ್ತಾರೆ, ಕೈ ಬೀಸುವ ವೇಗ ಕಡಿಮೆಯಾಗುವುದಿಲ್ಲವಲ್ಲ. ದೋಟಿಯ ಕೆಲಸವಂತೂ ಪಿಚಿಂಗ್ ಮಾಡುವ ಅದೇ ಭುಜಕ್ಕೆ, ಅದೂ ಕತ್ತು ಮೇಲೆತ್ತಿಕೊಂಡು.

ಮೇಡಂ, ಪಿಚ್ ಸ್ಮಾರ್ಟ್‌ನಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಪಿಚಿಂಗ್ ಬಿಡಿ, ಅದರಲ್ಲಿ ಎರಡು ಮೂರು ತಿಂಗಳು ಒಂದೇ ಸಮ ತಲೆ ಮೇಲಿಂದ ಎಸೆಯುವ ಯಾವ ಆಟವನ್ನೂ ಆಡಬೇಡಿ ಅಂತಿದೆ. ನಮ್ಮ ಲೆಕ್ಕಕ್ಕೆ ಆ ನಾಲ್ಕು ತಿಂಗಳು ಅಂದರೆ ಜೂನ್‌ನಿಂದ ಸೆಪ್ಟೆಂಬರ್. ನಮ್ಮ ಕಡೆ ಮಳೆಯೇ ಆ ರಜೆ ಕೊಡುತ್ತಿತ್ತು, ಹಳೇ ಕಾಲದ ಬೌಲರ್‌ಗಳು ಬೇಕೋ ಬೇಡವೋ ಸುಮ್ಮನಿರುತ್ತಿದ್ದರು. ನಿಮ್ಮ ತಮ್ಮ ಶೆಡ್ ಗೋಡೆ ಹುಡುಕಿಕೊಂಡ.

ತೀರ್ಥಹಳ್ಳಿ ಅಕ್ಕ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಮೂಳೆ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ, ಎಂಆರ್‌ಐ ಎರಡೂ ಆಯಿತು. ಲಿಗಮೆಂಟ್ ಹರಿದಿಲ್ಲ, ಎಳೆದುಕೊಂಡಿದೆ ಅಂದರು. ಆರು ವಾರ ಎಸೆತ ಪೂರ್ತಿ ಬಂದ್, ಬೌಲಿಂಗೂ ಇಲ್ಲ, ದೋಟಿಯೂ ಇಲ್ಲ. ಆಯ್ಕೆ ತಪ್ಪಿತು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ ಅವನು.

ಶಿವಮೊಗ್ಗದಲ್ಲಿ ಒಬ್ಬರು ಫಿಸಿಯೋ ಹತ್ತಿರ ಹೋಗುತ್ತಿದ್ದಾನೆ. ಬಲ ಭುಜ ಒಳಕ್ಕೆ ತಿರುಗುವುದು ಎಡದಕ್ಕಿಂತ ತುಂಬಾ ಕಡಿಮೆಯಾಗಿದೆಯಂತೆ, ಪಕ್ಕಕ್ಕೆ ಮಲಗಿ ಕೈಯನ್ನು ಮೆಲ್ಲಗೆ ಹಾಸಿಗೆ ಕಡೆ ಒತ್ತುವ ಒಂದು ಸ್ಟ್ರೆಚ್ ಕೊಟ್ಟಿದ್ದಾರೆ. ಸೈಕಲ್ ಟ್ಯೂಬ್ ಕತ್ತರಿಸಿ ಹಾಸ್ಟೆಲ್ ಕಿಟಕಿ ಸರಳಿಗೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಹೊರಕ್ಕೆ ಎಳೆಯುವುದು, ಹಿಂದಕ್ಕೆ ಎಳೆಯುವುದು, ನೀರಿನ ಬಾಟಲಿ ಹಿಡಿದು ಮುಂಗೈ ಎತ್ತುವುದು. ಒಂಟಿ ಕಾಲಲ್ಲಿ ನಿಂತು ಕೂರಲು ಹೇಳಿದರೆ ಎಡಗಾಲಿನಲ್ಲಿ ತಟಪಟ ನಡುಗುತ್ತಾನಂತೆ. ಅಷ್ಟು ವೇಗವಾಗಿ ಎಸೆಯುವವನಿಗೆ ಊರುವ ಕಾಲೇ ಗಟ್ಟಿ ಇಲ್ಲ!

@ಭದ್ರಾವತಿ ಹಳೇ ಪಿಚರ್, ಪಿಟಿ ಸರ್ ಹತ್ತಿರ ನಾನೇ ಹೋಗಿ ಮಾತಾಡಿದೆ. ಜಗಳ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಎಸೆತದ ಲೆಕ್ಕ ಚೀಟಿಯಲ್ಲಿ ಬರೆದು ಕೊಟ್ಟೆ, ಓದಿ ಜೇಬಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಮಾರನೇ ದಿನ ಎರಡು ಬುಟ್ಟಿ ಮಣ್ಣು ತರಿಸಿ ಆ ಗುಂಡಿ ಮುಚ್ಚಿಸಿದ್ದಾರೆ. ತಲೆ ಮೇಲೆ ಎಸೆಯುವ ಹುಡುಗನನ್ನೂ, ಇನ್ನಿಬ್ಬರನ್ನೂ ಪಿಚಿಂಗ್‌ಗೆ ತಯಾರು ಮಾಡುತ್ತಿದ್ದಾರೆ.

ತಮ್ಮನಿಗೆ ಈಗ ಎಣಿಸುವ ಕೆಲಸ. ಮನೆಯಿಂದ ಒಂದು ಮುಷ್ಟಿ ಒಣ ಅಡಿಕೆ ತೆಗೆದುಕೊಂಡು ಹೋಗಿದ್ದಾನೆ. ಹತ್ತು ಎಸೆತಕ್ಕೆ ಒಂದು ಅಡಿಕೆ ಬಲ ಜೇಬಿನಿಂದ ಎಡ ಜೇಬಿಗೆ. ಮೊನ್ನೆ ಆರನೇ ಅಡಿಕೆ ಜೇಬು ಬದಲಾಯಿಸಿದ ಕೂಡಲೇ ಎದ್ದು ಹೋಗಿ ಆ ಹುಡುಗನ ಕೈಯಿಂದ ಚೆಂಡು ಇಸಿದುಕೊಂಡನಂತೆ. ಇನ್ನೊಂದೇ ಬ್ಯಾಟರ್ ಅಂತ ಅವನು ಗೋಗರೆದನಂತೆ, ಇವನು ಕೊಡಲಿಲ್ಲವಂತೆ.

ಭದ್ರಾವತಿ ಹಳೇ ಪಿಚರ್

ಭೇಷ್! ಆರು ವಾರ ಆದ ಮೇಲೆ ಡಾಕ್ಟರು ಸೈ ಅಂದರೆ 45 ಅಡಿಯಿಂದ ಶುರು ಮಾಡಲಿ. ಮೆಲ್ಲಗೆ 25 ಎಸೆತ, ಐದ್ಹತ್ತು ನಿಮಿಷ ಕೂರುವುದು, ಮತ್ತೆ 25, ದಿನ ಬಿಟ್ಟು ದಿನ. ನೋವಿಲ್ಲದಿದ್ದರೆ ಮಾತ್ರ 60 ಅಡಿ. ಮೌಂಡ್ ಎಲ್ಲಕ್ಕಿಂತ ಕೊನೆಗೆ. ಶೆಡ್ ಗೋಡೆಗೆ ಅಪ್ಪಯ್ಯ ಸುಣ್ಣ ಹೊಡೆಸಿದರಾ?

ತೀರ್ಥಹಳ್ಳಿ ಅಕ್ಕ

ಸುಣ್ಣ ಎಲ್ಲಿ, ಗೋಡೆಗೆ ಒತ್ತಿ ಅಡಿಕೆ ಚೀಲ ಪೇರಿಸಿಟ್ಟಿದ್ದಾರೆ. ಚೆಂಡು ಬಡಿಯಲು ಜಾಗವೇ ಇಲ್ಲ.